ಕೆಸುವಿನೆಲೆಯೂ ಬಿಡದೆ ಅಂಟುವ ಗುಳ್ಳೆಯೂ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 9 ವೋಲ್ಟ್ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ, ಅಡುಗೆ ಸೋಡಾ ಕದಡಿದ ನೀರು ಇಟ್ಟುಕೊಂಡು ನೀರಿನ ವಿದ್ಯುದ್ವಿಭಜನೆ (ಕರೆಂಟ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದು) ತೋರಿಸಿದೆ. ಗುಳ್ಳೆಗಳು ಕಡ್ಡಿಗೇ ಅಂಟಿ ಕೂತವು. "ಮಿಸ್, ಕಡ್ಡಿನ ಕೆಸುವಿನೆಲೆ ತರ ಮಾಡಿದ್ರೆ ಗುಳ್ಳೆ ಜಾರಿ ಹೋಗಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಏನು ಹೇಳಲಿ?

ಉತ್ತರ: ಮೊದಲು ಅವನಿಗೆ ಶಭಾಷ್ ಹೇಳಿ ಮೇಡಂ. ಉತ್ತರ ಮಾತ್ರ ತಿರುವುಮುರುವು.

ಗುಳ್ಳೆ ಕೂತಷ್ಟು ಜಾಗಕ್ಕೆ ನೀರು ಸೋಕುವುದಿಲ್ಲ, ಅಲ್ಲಿ ಕೆಲಸ ಬಂದ್. ಕಾಲೇಜಿನಲ್ಲಿ ನಾನು ಕರೆಂಟ್ ಅಳೆಯುವ ಅಮ್ಮೀಟರ್ ಜೋಡಿಸಿ ಕಡ್ಡಿ ತಟ್ಟುತ್ತಿದ್ದೆ. ಮುಳ್ಳು ಚಕ್ಕನೆ ಏರಿ, ಗುಳ್ಳೆ ಕೂಡುತ್ತಿದ್ದಂತೆ ಮತ್ತೆ ಇಳಿಯುತ್ತಿತ್ತು. ಹೀಗೆ ಹೈಡ್ರೋಜನ್ ತಯಾರಿಸುವ ಕಾರ್ಖಾನೆಗೆ ಇದು ದುಡ್ಡಿನ ಮಾತು. ಒಂದು ಕಿಲೋ ಹೈಡ್ರೋಜನ್‌ಗೆ ಲೆಕ್ಕದ ಪ್ರಕಾರ ಸುಮಾರು 39 ಯೂನಿಟ್ ಕರೆಂಟ್ ಸಾಕು. ನಿಜದಲ್ಲಿ 50 ದಾಟುತ್ತದೆ. ಆ ನಷ್ಟದಲ್ಲಿ ಗುಳ್ಳೆಯ ಪಾಲೂ ಇದೆ.

ಈಗ ಕೆಸುವಿನೆಲೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಓರೆಯಾಗಿ ನೋಡಿ. ಬೆಳ್ಳಿಯಂತೆ ಹೊಳೆಯುತ್ತದಲ್ಲ, ಅದು ಎಲೆ ಹಿಡಿದಿಟ್ಟುಕೊಂಡ ಗಾಳಿಯ ಪದರ. ನೀರನ್ನು ದೂಡುವ ಮೈ ನೀರಿನೊಳಗೆ ಗಾಳಿಯನ್ನು ಅಪ್ಪಿಕೊಳ್ಳುತ್ತದೆ. ಅಂಥ ಎಲೆಕ್ಟ್ರೋಡ್ (ನಿಮ್ಮ ಕಡ್ಡಿಯಂತೆ ನೀರಿಗೆ ಕರೆಂಟ್ ಮುಟ್ಟಿಸುವ ತುಂಡು) ಮೇಲೆ ಗುಳ್ಳೆ ಜಾರುವುದಿಲ್ಲ, ಚಾಪೆಯಂತೆ ಹರಡುತ್ತದೆ.

ಬೇಕಾದದ್ದು ನೀರನ್ನು ಒಲಿಸಿಕೊಳ್ಳುವ, ಆದರೆ ತರಿತರಿಯಾದ ಮೈ. ಅದಕ್ಕೇ ಸಂಶೋಧಕರು ನಿಕ್ಕೆಲ್ ಜಾಲರಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳನ್ನು, ಹಾಳೆಗಳನ್ನು ಒತ್ತೊತ್ತಾಗಿ ಬೆಳೆಸುತ್ತಾರೆ. ಸಂದಿಗಳಲ್ಲಿ ನೀರು ನಿಲ್ಲುತ್ತದೆ, ಗುಳ್ಳೆಗೆ ಸೂಜಿಮೊನೆಗಳಷ್ಟೇ ಆಸರೆ. ಹಿಡಿತ ಸಾಲದೆ ಸಣ್ಣದಿರುವಾಗಲೇ ಕಳಚಿಕೊಳ್ಳುತ್ತದೆ.

ಹಳೆಯ ಉಪಾಯವೂ ಒಂದಿದೆ. 1927ರಲ್ಲಿ ಅಮೆರಿಕದ ಮರೇ ರೇನಿ ನಿಕ್ಕೆಲ್-ಅಲ್ಯೂಮಿನಿಯಂ ಮಿಶ್ರಲೋಹವನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ, ಅಲ್ಯೂಮಿನಿಯಂ ಕರಗಿಸಿ, ಸ್ಪಂಜಿನಂಥ ನಿಕ್ಕೆಲ್ ಪಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಎಣ್ಣೆಯನ್ನು ಗಟ್ಟಿ ಮಾಡಲು ಬಳಸಿದ ಈ ನಿಕ್ಕೆಲ್ (ನಮ್ಮ ವನಸ್ಪತಿಯೂ ಹಾಗೆ ಗಟ್ಟಿಯಾದದ್ದೇ) ಇಂದು ಹೈಡ್ರೋಜನ್ ಬರುವ ಕಡೆಯ ಎಲೆಕ್ಟ್ರೋಡ್‌ಗೂ ಲೇಪವಾಗಿದೆ. ಹಾಗಂತ ತೂತು ಹೆಚ್ಚಿದಷ್ಟೂ ಲಾಭ ಅಂದುಕೊಳ್ಳಬೇಡಿ. ತೀರಾ ಆಳದ, ಇಕ್ಕಟ್ಟಾದ ತೂತಿನಲ್ಲಿ ಅನಿಲವೇ ತುಂಬಿಕೊಂಡು ನೀರಿಗೆ ದಾರಿ ಕಟ್ಟುತ್ತದೆ.

ಎಲ್ಲಿ ಕೆಲಸ ನಡೆಯುತ್ತದೆ ಎನ್ನುವುದೂ ಆಕಾರದ ಮೇಲಿದೆ. ಹೈಡ್ರೋಜನ್ ಬರಿಸಲು ಬಳಸುವ, ಮಾಲಿಬ್ಡಿನಂ ಲೋಹ ಮತ್ತು ಗಂಧಕ ಸೇರಿದ ಮಾಲಿಬ್ಡಿನಂ ಡೈಸಲ್ಫೈಡ್‌ನಲ್ಲಿ ಹೈಡ್ರೋಜನ್ ಹುಟ್ಟುವುದು ಹೆಚ್ಚಾಗಿ ಅಂಚಿನಲ್ಲಿ, ಅಗಲವಾದ ಮೈ ಬಹುಮಟ್ಟಿಗೆ ಸೋಮಾರಿ. 2007ರಲ್ಲಿ ಇದು ಪ್ರಯೋಗದಲ್ಲಿ ಖಚಿತವಾದ ಮೇಲೆ ಅಂಚು ಹೆಚ್ಚಿಸುವುದೇ ಹಲವರ ಕಸುಬಾಯಿತು.

ಅಂದಹಾಗೆ, ಸೋಡಾ ಮುಗಿಯಿತೆಂದು ಅಡುಗೆ ಉಪ್ಪು ಹಾಕಿಬಿಡಬೇಡಿ. ಒಂದು ಕಡ್ಡಿಯಲ್ಲಿ ಕ್ಲೋರಿನ್ ಬರುತ್ತದೆ, ಮುಂದಿನ ಬೆಂಚಿನವರು ಕೆಮ್ಮುತ್ತಾರೆ.