ಮನೆ ಕಟ್ಟಿದವಳು ಮರದ ಕೆಳಗೆ ಕೂರಬಾರದೇ?

ಕಳೆದ ಸಂಚಿಕೆಯಲ್ಲಿ ಸೊಮಾಲಿಯಾದ ಬಗ್ಗೆ ಅರ್ಧ ಪುಟದ ಬರಹ ಹಾಕಿದ್ದೆವು. ಅಲ್ಲಿನ ಸಂಸತ್ತಿನಲ್ಲಿ ಹೆಂಗಸರಿಗೆ ಶೇ. 30ರಷ್ಟು ಸ್ಥಾನ ಕೊಡಬೇಕೆಂಬ ಮಾತು ಯಾಕೆ ಇನ್ನೂ ಮಾತಾಗಿಯೇ ಉಳಿದಿದೆ ಎನ್ನುವುದು ವಿಷಯ. ಅದಕ್ಕೆ ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಏಳು ಪುಟದ ಪತ್ರ ಬರೆದಿದ್ದಾರೆ. ಅಕ್ಷರ ಮುತ್ತಿನಂತಿದೆ. ಸಿಟ್ಟೂ ಅಷ್ಟೇ ದುಂಡಗಿದೆ.

ಪತ್ರದ ಸಾರ ಇಷ್ಟು. ಸೊಮಾಲಿಗಳು ಮೂಲತಃ ಅಲೆಮಾರಿಗಳು. ಒಂಟೆ ಗಂಡಸಿನದು, ಆಡು ಕುರಿ ಮತ್ತು ಮನೆ ಹೆಂಗಸಿನದು. ಒಣ ನೆಲದಲ್ಲಿ ಬದುಕಲು ಅವರೇ ಮಾಡಿಕೊಂಡ ಹಂಚಿಕೆ ಇದು. ಹಕ್ಕು, ಮೀಸಲಾತಿ ಎಲ್ಲ ವಿದೇಶಿ ದುಡ್ಡಿನ ಜತೆ ಬಂದ ಸರಕು. ಬೆಂಗಳೂರಿನಲ್ಲಿ ಅವರ ಮಗನ ಮನೆ ಪಕ್ಕ ಬಾಡಿಗೆಗಿದ್ದ ಸೊಮಾಲಿ ಹುಡುಗರೂ ‘ನಮ್ಮನೇಲಿ ಅಮ್ಮನದ್ದೇ ನಡೆಯೋದು’ ಎಂದರಂತೆ. ಕೊನೆಗೆ ಒಂದು ಸಾಲು: ‘ನನ್ನ ಮನೆಯವರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.’

ಮೇಷ್ಟ್ರೇ, ಒಂಟೆ ಮತ್ತು ಮನೆಯ ಲೆಕ್ಕ ನೀವು ಹೇಳಿದ್ದು ಸರಿಯೇ. ಆದರೆ ಆ ಮನೆಯೊಳಗೆ ಒಂದು ಹೆಜ್ಜೆ ಇಟ್ಟು ನೋಡೋಣ. ಅಲೆಮಾರಿ ಸೊಮಾಲಿಯ ಮನೆಗೆ ‘ಅಕಲ್’ ಎನ್ನುತ್ತಾರೆ. ಬಾಗಿಸಿದ ಕೋಲುಗಳ ಗುಮ್ಮಟ, ಅದರ ಮೇಲೆ ಹುಲ್ಲು ಮತ್ತು ನಾರಿನ ಚಾಪೆ. ಚಾಪೆ ನೇಯುವುದು ಹೆಂಗಸರು, ಕೋಲು ಬಾಗಿಸುವುದು ಹೆಂಗಸರು, ಎತ್ತಿ ನಿಲ್ಲಿಸುವುದೂ ಹೆಂಗಸರೇ. ಬೇರೆ ಕಡೆ ಮೇವಿದೆ ಎಂದು ಗೊತ್ತಾದರೆ ಅವರೇ ಗಂಟು ಬಿಚ್ಚಿ, ಚಾಪೆ ಸುತ್ತಿ, ಕೋಲು ಕಟ್ಟಿ ಒಂಟೆ ಬೆನ್ನಿಗೆ ಹೇರುತ್ತಾರೆ. ಹೊಸ ಜಾಗದಲ್ಲಿ ಮತ್ತೆ ಎಬ್ಬಿಸುತ್ತಾರೆ. ಮದುವೆಗೆ ಹೆಣ್ಣಿನ ಕಡೆಯವರು ಸೇರಿ ಹೊಸ ಅಕಲ್ ಮಾಡಿಕೊಡುತ್ತಾರೆ. ನಮ್ಮಲ್ಲಿ ತವರಿಂದ ಬೀರು, ಮಂಚ ಬರುತ್ತದೆ. ಅಲ್ಲಿ ಮನೆಗೆ ಮನೆಯೇ ಬರುತ್ತದೆ. ಗಂಡ ಅನ್ನುವವನು ಒಂಥರಾ ಹೆಂಡತಿಯ ಮನೆಯಲ್ಲಿ ನೆಂಟ!

ಆದರೆ ತೀರ್ಮಾನ ಆಗುವುದು ಆ ಮನೆಯಲ್ಲಲ್ಲ, ಮರದ ಕೆಳಗೆ. ಕುಲದ ಗಂಡಸರ ಸಭೆಗೆ ‘ಶಿರ್’ ಎಂದು ಹೆಸರು. ನೀರಿನ ಜಗಳ, ಕೊಲೆಯ ಪರಿಹಾರ, ಯುದ್ಧ, ರಾಜಿ ಎಲ್ಲ ಅಲ್ಲೇ. ಹೆಣ್ಣಿಗೆ ಅಲ್ಲಿ ಜಾಗವಿಲ್ಲ. ಅಲ್ಲಿ ನಡೆಯುವ ಕಟ್ಟುಕಟ್ಟಲೆಯ ಪ್ರಕಾರ ಗಂಡಸೊಬ್ಬ ಸತ್ತರೆ ರಕ್ತದ ಬೆಲೆ 100 ಒಂಟೆ. ಹೆಂಗಸು ಸತ್ತರೆ 50. ‘ಅಮ್ಮನದ್ದೇ ನಡೆಯೋದು’ ಎಂದ ಹುಡುಗರಿಗೆ ಈ ಲೆಕ್ಕ ಗೊತ್ತಿಲ್ಲದೆ ಇರುವುದಿಲ್ಲ. ಅಡುಗೆಮನೆಯಲ್ಲಿ ಜೋರು ಮಾಡುವ ಅಮ್ಮನನ್ನು ತೋರಿಸಿ ‘ನೋಡಿ, ಇವಳೇ ಯಜಮಾನಿ’ ಎನ್ನುವ ಗಂಡುಮಕ್ಕಳು ಸಾಗರದಲ್ಲೂ ಇದ್ದಾರೆ, ಅಲ್ವಾ?

ಇನ್ನೊಂದು ಪದ್ಧತಿ ಇದೆ. ಎರಡು ಕುಲ ಹೊಡೆದಾಡಿ ಸುಸ್ತಾಗಿ ರಾಜಿಗೆ ಬಂದರೆ, ಒಂದು ಕುಲದ ಹುಡುಗಿಯನ್ನು ಇನ್ನೊಂದು ಕುಲಕ್ಕೆ ಮದುವೆ ಮಾಡಿಕೊಡುತ್ತಿದ್ದರು. ಹಗೆ ಅಲ್ಲಿಗೆ ಮುಗಿಯಲಿ ಅಂತ. ನಾನು ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ರಾಜಿಯ ಕಾಗದವೇ ಅವಳು. ಅದಕ್ಕೆ ರುಜು ಹಾಕುವವರ ಸಾಲಿನಲ್ಲಿ ಮಾತ್ರ ಅವಳಿಲ್ಲ.

ಈಗ 2000ನೇ ಇಸವಿಗೆ ಬನ್ನಿ. 1991ರಲ್ಲಿ ಸರ್ಕಾರ ಬಿದ್ದು ದೇಶ ಚೂರಾದ ಮೇಲೆ, ಪಕ್ಕದ ಜಿಬೂತಿಯ ಆರ್ತಾ ಎಂಬ ಊರಲ್ಲಿ ಶಾಂತಿ ಸಭೆ ಸೇರಿತು. ಕೂರುವುದು ಕುಲದ ಲೆಕ್ಕದಲ್ಲಿ: ನಾಲ್ಕು ದೊಡ್ಡ ಕುಲ, ಸಣ್ಣವರದ್ದೆಲ್ಲ ಸೇರಿ ಐದನೆಯದು. ಆಶಾ ಹಾಜಿ ಎಲ್ಮಿ ಎಂಬಾಕೆಯ ಕಷ್ಟ ನೋಡಿ. ಹುಟ್ಟಿದ್ದು ಒಂದು ಕುಲದಲ್ಲಿ, ಗಂಡನದು ಇನ್ನೊಂದು. ಆ ಎರಡು ಕುಲ ಒಂದಕ್ಕೊಂದು ಬಂದೂಕು ಹಿಡಿದು ನಿಂತಿದ್ದವು. ತವರಿನವರಿಗೆ ಇವಳು ಕೊಟ್ಟ ಹೆಣ್ಣು, ಗಂಡನ ಕಡೆಯವರಿಗೆ ಬಂದ ಹೆಣ್ಣು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದು ಬರೀ ಗಾದೆ ಅಂದುಕೊಂಡಿದ್ದೆ. ಅಲ್ಲಿ ಅದು ಸಭೆಯ ನಿಯಮವೇ ಆಗಿತ್ತು. ಆಗ ಆಶಾ ಮತ್ತು ಜತೆಗಿದ್ದ ಹೆಂಗಸರು ಏನು ಮಾಡಿದರು? ನಿಮ್ಮ ಐದು ಕುಲ ನಿಮಗಿರಲಿ, ನಾವು ಹೆಂಗಸರೇ ಆರನೇ ಕುಲ ಎಂದರು. ಸಭೆ ಕೊನೆಗೆ ಹೊಸ ಸಂಸತ್ತಿನಲ್ಲಿ ಹೆಂಗಸರಿಗೆ 25 ಸ್ಥಾನ ಬಿಟ್ಟುಕೊಟ್ಟಿತು. ಇದೇ ಆಶಾ 2004ರ ಜನವರಿಯಲ್ಲಿ ನೈರೋಬಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಸೊಮಾಲಿಗಳ ಶಾಂತಿ ಒಪ್ಪಂದದ ಮೇಲೆ ಬಿದ್ದ ಹೆಣ್ಣಿನ ಮೊದಲ ಸಹಿ ಅದು.

ಇದರಲ್ಲಿ ವಿದೇಶಿ ಸರಕು ಯಾವುದು ಹೇಳಿ? ಆರನೇ ಕುಲ ಎನ್ನುವ ಉಪಾಯ ಸೊಮಾಲಿ ಹೆಂಗಸಿನ ತಲೆಗಲ್ಲದೆ ಬೇರೆ ಯಾರ ತಲೆಗೆ ಹೊಳೆದೀತು? ಕುಲದ ಆಟದ ನಿಯಮವನ್ನೇ ಹಿಡಿದು ಆಟಕ್ಕೆ ನುಗ್ಗಿದವರು ಅವರು.

ಅಷ್ಟಾದರೂ ದಾರಿ ತೆರೆದಿಲ್ಲ. 2016ರ ಚುನಾವಣೆ ಎಂದರೆ ನಮ್ಮಲ್ಲಿಯಂತೆ ಮನೆಮನೆಯ ಮತವಲ್ಲ. 135 ಮಂದಿ ಕುಲದ ಹಿರಿಯರು ಪ್ರತಿನಿಧಿಗಳನ್ನು ಆರಿಸಿ, ಅವರು ಮತ ಹಾಕಿದ್ದು. ಸಂಸತ್ತಿನ ಎರಡು ಸದನದಲ್ಲಿ ಹೆಂಗಸರು ಸುಮಾರು ಶೇ. 24 ಆದರು. ಮುಂದಿನ ಸಲ, 2022ರಲ್ಲಿ ಮುಗಿದ ಚುನಾವಣೆಯಲ್ಲಿ, ಅದು ಶೇ. 20ರ ಸುಮಾರಿಗೆ ಇಳಿಯಿತು. ಹೆಂಗಸಿಗೆ ಸೀಟು ಕೊಟ್ಟರೆ ಅದು ಅವಳ ಗಂಡನ ಕುಲಕ್ಕೆ ಹೋದೀತು ಎಂಬ ಅನುಮಾನ. ಸೀಟೂ ಒಂಟೆಯಂತೆಯೇ ಕುಲದ ಆಸ್ತಿ ನೋಡಿ. ಆಮೇಲೆ ಆ ಕೋಣೆಯಲ್ಲಿ ಏನಾಗುತ್ತದೆ? 2018ರಲ್ಲಿ ಸಚಿವ ಸಂಪುಟ ಒಪ್ಪಿದ ಲೈಂಗಿಕ ಅಪರಾಧಗಳ ಮಸೂದೆ ಸಂಸತ್ತಿನಲ್ಲಿ ಕೂತೇ ಹೋಯಿತು. 2020ರಲ್ಲಿ ಬದಲಿಗೆ ಬಂದ ಕರಡಿನಲ್ಲಿ ಮೈನೆರೆದ ಹುಡುಗಿಯನ್ನು ಮದುವೆ ಮಾಡಲು ಅವಕಾಶವಿತ್ತು. ಕುರ್ಚಿ ಯಾಕೆ ಬೇಕು ಎಂದು ಕೇಳಿದ್ದೀರಿ. ಇದಕ್ಕೇ.

ನಿಮ್ಮ ಒಂದು ಮಾತಿಗೆ ಮಾತ್ರ ತಲೆಬಾಗುತ್ತೇನೆ. ಮೇಲಿಂದ ಹೇರಿದ್ದು ನಿಲ್ಲುವುದಿಲ್ಲ ಎಂದಿದ್ದೀರಿ. 1975ರಲ್ಲಿ ಸಿಯಾದ್ ಬರ್ರೆ ಎಂಬ ಸರ್ವಾಧಿಕಾರಿ ಹೆಣ್ಣಿಗೂ ಗಂಡಿಗೂ ಆಸ್ತಿಯಲ್ಲಿ ಸಮಪಾಲು ಎಂದು ಕಾನೂನು ತಂದ. ಮಸೀದಿಯಲ್ಲಿ ವಿರೋಧಿಸಿದ ಹತ್ತು ಧರ್ಮಗುರುಗಳನ್ನು ಜನವರಿಯಲ್ಲೇ ಗುಂಡಿಟ್ಟು ಕೊಲ್ಲಿಸಿದ. ಅದರ ಫಲ ಉಂಡಿದ್ದು ಹೆಂಗಸರೇ. ಹೆಣ್ಣಿನ ಹಕ್ಕು ಎಂದೊಡನೆ ಜನಕ್ಕೆ ಆ ಹತ್ತು ಹೆಣ ನೆನಪಾಗುವಂತಾಯಿತು. ಒಪ್ಪಿದೆ.

ಆದರೆ ಕೆಳಗಿಂದ ಬಂದವರನ್ನು ನೀವು ನೋಡಿಲ್ಲ. ಎಡ್ನಾ ಅದನ್ ಹುಟ್ಟಿದ್ದು 1937ರಲ್ಲಿ, ಹರ್ಗೀಸಾದಲ್ಲಿ. ಅಪ್ಪ ಡಾಕ್ಟರು. ಅಪ್ಪ ಊರಲ್ಲಿಲ್ಲದಾಗ ಅಮ್ಮ, ಅಜ್ಜಿ ಸೇರಿ ಏಳೆಂಟು ವರ್ಷದ ಹುಡುಗಿಗೆ ಸುನ್ನತಿ, ಅಂದರೆ ಜನನಾಂಗದ ಭಾಗ ಕತ್ತರಿಸುವ ಪದ್ಧತಿ, ಮಾಡಿಸಿದರು. ಅಪ್ಪ ಬಂದು ಕಿಡಿಕಿಡಿಯಾದರು. ‘ಹೆಂಗಸರೇ ಮಾಡ್ತಾರಲ್ಲ’ ಎಂದು ನೀವು ಮೂರನೇ ಪುಟದಲ್ಲಿ ಬರೆದಿದ್ದೀರಿ. ಹೌದು, ಅಲ್ಲೇ ಇರುವುದು ಸಂಕಟ. ತಡೆಯಬಲ್ಲ ಗಂಡಸು ಮನೆಯಲ್ಲಿರಲಿಲ್ಲ, ಬೇಡ ಎನ್ನುವ ಧೈರ್ಯ ಹೆಂಗಸರಿಗಿರಲಿಲ್ಲ. ಅದೇ ಹುಡುಗಿ ಸೂಲಗಿತ್ತಿಯ ಕೆಲಸ ಕಲಿತು 1976ರಲ್ಲಿ ಈ ಪದ್ಧತಿಯ ವಿರುದ್ಧ ಬಹಿರಂಗವಾಗಿ ಮಾತಾಡಿದಳು. ಆಗ ಅದನ್ನು ಬಾಯಿಬಿಟ್ಟು ಹೇಳುವವರೇ ಇರಲಿಲ್ಲ. 2002ರಲ್ಲಿ ಹರ್ಗೀಸಾದಲ್ಲಿ ಹೆರಿಗೆ ಆಸ್ಪತ್ರೆ ತೆರೆದರು. 2020ರ ಸಮೀಕ್ಷೆಯಲ್ಲೂ ಸೊಮಾಲಿಯಾದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 99 ಮಂದಿಗೆ ಸುನ್ನತಿ ಆಗಿತ್ತು. 2012ರ ಸಂವಿಧಾನದಲ್ಲಿ ನಿಷೇಧ ಇದ್ದೂ!

ಇನ್ನು ಹವಾ ಅಬ್ದಿ. ನನಗೆ ತುಂಬ ಇಷ್ಟದ ಡಾಕ್ಟರು. ಓದಿದ್ದು ಕೀವ್‌ನಲ್ಲಿ. ‘ನೋಡಿ, ವಿದೇಶಿ’ ಎನ್ನಬೇಡಿ, ನೀವು ನಲವತ್ತು ವರ್ಷ ಪಾಠ ಮಾಡಿದ ಹೈಸ್ಕೂಲು ಯಾವ ಋಷಿಯ ಆಶ್ರಮ? 1983ರಲ್ಲಿ ರಾಜಧಾನಿ ಮೊಗದಿಶುವಿನ ಹೊರಗೆ ಒಂದು ಕೋಣೆಯ ಕ್ಲಿನಿಕ್ ಇಟ್ಟರು. ಯುದ್ಧ ಬಂದಾಗ ಆಕೆಯ ಜಮೀನಿಗೆ ಜನ ಓಡಿಬಂದು ಬೀಡುಬಿಟ್ಟರು. ಒಂದು ಕಾಲಕ್ಕೆ 90,000 ಮಂದಿ! ಅಲ್ಲಿ ಎರಡೇ ಕಟ್ಟಪ್ಪಣೆ. ಕುಲದ ಮಾತೆತ್ತಬಾರದು. ಹೆಂಡತಿಗೆ ಹೊಡೆಯಬಾರದು. ಹೊಡೆದವನನ್ನು ಉಗ್ರಾಣದ ಕೋಣೆಗೆ ಹಾಕಿ ಬೀಗ. 2010ರಲ್ಲಿ ಬಂದೂಕಿನ ಹುಡುಗರು ನೂರಾರು ಮಂದಿ ನುಗ್ಗಿ, ಹೆಂಗಸಿಗೇಕೆ ಈ ಯಜಮಾನಿಕೆ, ಬಿಟ್ಟುಕೊಡು ಎಂದರು. ಆಗ ಆಕೆಗೆ ಅರವತ್ತರ ಮೇಲಾಗಿತ್ತು. ಬಿಡಲಿಲ್ಲ. ಶಿಬಿರದ ಹೆಂಗಸರು ಬೊಬ್ಬೆ ಹಾಕಿದರು, ಹೊರಗಿನಿಂದಲೂ ಒತ್ತಡ ಬಂತು. ಹುಡುಗರು ಹಿಂದೆ ಸರಿದರು. ಡಾಕ್ಟರು ಅಷ್ಟಕ್ಕೆ ಬಾಗಿಲು ತೆರೆಯಲಿಲ್ಲ, ಕ್ಷಮಾಪಣೆಯನ್ನು ಬರೆದು ಕೊಡಿ ಎಂದರು. ಬರೆದು ಕೊಟ್ಟರು.

ಸೊಮಾಲಿಗಳಲ್ಲಿ ಅರಾವೇಲೋ ಎಂಬ ರಾಣಿಯ ಕಥೆ ಇದೆ. ಗಂಡಸರ ಬೀಜ ಒಡೆಸಿದಳು ಎಂದು ಗಂಡಸರು ಹೇಳುತ್ತಾರೆ. ನಮ್ಮ ಕಾಲದಲ್ಲಿ ನಾವು ಆಳಿದ್ದೆವು ಎಂದು ಹೆಂಗಸರು. ಅವಳ ಗೋರಿ ಎನ್ನುವ ಕಲ್ಲುಗುಡ್ಡೆಗೆ ದಾರಿಹೋಕ ಗಂಡಸರು ಕಲ್ಲೆಸೆದರೆ ಹೆಂಗಸರು ಹಸಿರು ಕೊಂಬೆ ಇಡುತ್ತಿದ್ದರಂತೆ. ಈ ಚರ್ಚೆ ಅಲ್ಲಿ ಎಷ್ಟು ಹಳೆಯದು ಎನ್ನಲು ನನಗೆ ಅಷ್ಟು ಸಾಕು.

ಮತ್ತೊಂದು ವಿಷಯ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಸೊಮಾಲಿ ಹೆಣ್ಣು ಮದುವೆಯಾದರೂ ಹೆಸರು ಬದಲಿಸುವುದಿಲ್ಲ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಸಾಯುವ ತನಕ ಅದೇ. ಅಲ್ಲೂ ಇರುವುದು ಗಂಡಸರ ಸಾಲೇ, ಗೊತ್ತು. ಆದರೂ ನಮ್ಮ ಚಂದಾದಾರರ ಪಟ್ಟಿ ತೆಗೆದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೆಂಗಸರು ಓದುವ ಪತ್ರಿಕೆ, ಚಂದಾ ಗಂಡನ ಹೆಸರಲ್ಲಿ. ಪತ್ರ ಬರೆದರೆ ಕೆಳಗೆ ‘ಶ್ರೀಮತಿ’ ಎಂದು ಹಾಕಿ ಮುಂದೆ ಗಂಡನ ಹೆಸರು. 1987ರಲ್ಲೇ ನಾವು ಜಿಲ್ಲಾ ಪರಿಷತ್ತಿನಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಇಟ್ಟು ಚುನಾವಣೆ ಮಾಡಿದ ರಾಜ್ಯ. ಹೋದ ವರ್ಷ ಒಂದು ಪಂಚಾಯಿತಿಗೆ ಸಂದರ್ಶನಕ್ಕೆ ಹೋಗಿದ್ದೆ. ಅಧ್ಯಕ್ಷೆಯನ್ನು ಕೇಳಿದ ಪ್ರಶ್ನೆಗೆಲ್ಲ ಅವರ ಯಜಮಾನರೇ ಉತ್ತರ ಕೊಟ್ಟರು. ಆಕೆ ಮೂರು ಸಲ ಕಾಫಿ ತಂದುಕೊಟ್ಟರು. ಕಾಫಿ ಚೆನ್ನಾಗಿತ್ತು. ಸಂದರ್ಶನ ಅಚ್ಚಾಗಲಿಲ್ಲ.

ಇನ್ನು ಸೊಮಾಲಿಯಾ ಎಂದರೆ ನಮ್ಮ ಪತ್ರಿಕೆಗಳಲ್ಲಿ ಒಂದೇ ಫೋಟೊ. ಬತ್ತಿದ ಮುಖದ ತಾಯಿ, ಮಡಿಲಲ್ಲಿ ಮಗು. ಕೆಳಗೆ ‘ಬರಗಾಲದ ಸಂತ್ರಸ್ತೆ’. ಹೆಸರಿಲ್ಲ. ನಾವೂ ಹಾಗೆ ಹಾಕಿದ್ದೇವೆ, ಎರಡು ಸಲ, ನಾನೇ ಪುಟ ನೋಡಿದ್ದು.

ಆಯಿತು ಮೇಷ್ಟ್ರೇ. ನಿಮ್ಮ ಮನೆಯವರು ಒಪ್ಪದಿರುವುದು ಬೇರೆ ವಿಷಯ ಅಲ್ಲವೇ ಅಲ್ಲ. ನನಗೆ ಬೇಕಿದ್ದ ಪತ್ರ ಅದೇ. ಅವರಿಗೆ ಬರೆಯಲು ಹೇಳಿ, ಅವರದೇ ಹೆಸರಲ್ಲಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿದ್ದೇನೆ. ಎರಡು ಪುಟ ಮೀರದಿದ್ದರೆ ಒಳ್ಳೆಯದು, ನಿಮ್ಮ ಏಳು ಪುಟ ಓದಿ ನನ್ನ ಕನ್ನಡಕದ ನಂಬರೇ ಬದಲಾಗಿದೆ.

— ಸಂ.