ಒಬಿ ಎಂದರೆ ಬರೀ ಕಾಗದವಲ್ಲ, ಎಸೆಯಬೇಡಿ

ಜಪಾನಿನಿಂದ ತರಿಸಿದ ಎಲ್‌ಪಿ ರೆಕಾರ್ಡಿನ ಹೊದಿಕೆಯ ಎಡ ಅಂಚಿಗೆ ಸುತ್ತಿರುವ ಕಾಗದದ ಪಟ್ಟಿಗೆ ‘ಓಬಿ’ ಎನ್ನುವುದೇಕೆ, ಅಲ್ಲಿನ ಸಾಂಪ್ರದಾಯಿಕ ಉಡುಪಾದ ಕಿಮೊನೊದ ನಡುಪಟ್ಟಿಗೂ ಅದೇ ಹೆಸರಲ್ಲವೇ, ತೆಗೆದು ಎಸೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಏಕೆಂಬುದು ಆ ಪದದಲ್ಲೇ ಇದೆ.

ಮೊದಲು ಉಚ್ಚಾರ. ಜಪಾನಿ ಭಾಷೆಯಲ್ಲಿ ಅದು ಹ್ರಸ್ವ, ‘ಒಬಿ’. ಇಂಗ್ಲಿಷಿನ ದಾರಿಯಲ್ಲಿ ಬಂದದ್ದರಿಂದ ನಾವು ಎಳೆಯುತ್ತೇವೆ. ನಮ್ಮ ಲಿಪಿಯಲ್ಲಿ ಹ್ರಸ್ವ ಒಕಾರ ಇದ್ದೇ ಇದೆ, ಸರಿಯಾಗಿಯೇ ಬರೆಯೋಣ.

ಈ ಪದ ಹುಟ್ಟಿದ್ದು ‘ಒಬಿರು’ ಎಂಬ ಕ್ರಿಯಾಪದದಿಂದ. ಅದರ ಹಳೆಯ ರೂಪ ‘ಒಬು’. ಸೊಂಟಕ್ಕೆ ಕಟ್ಟಿಕೊಳ್ಳು, ಮೈಮೇಲೆ ಧರಿಸು ಎಂದು ಅರ್ಥ. ನಮ್ಮ ‘ಉಡು’ವಿನಿಂದ ‘ಉಡುಗೆ’ ಆದ ಹಾಗೆಯೇ. ಸಮುರಾಯಿ ಕತ್ತಿ ಧರಿಸುವುದಕ್ಕೂ ಇದೇ ಮಾತು. ಬಿಳಿಯ ಹೂವಿಗೆ ತುಸು ಕೆಂಪು ಛಾಯೆ ಇದ್ದರೆ ಅದು ಕೆಂಪನ್ನು ‘ಒಬಿರು’ ಮಾಡಿದೆ ಎನ್ನುತ್ತಾರೆ. ನನಗೆ ತುಂಬ ಇಷ್ಟವಾದ ಬಳಕೆ ಇದು: ಬಣ್ಣವನ್ನೂ ಉಟ್ಟುಕೊಳ್ಳಬಹುದು!

‘ಒಬಿ’ಯನ್ನು ಬರೆಯುವ ಚೀನೀ ಮೂಲದ ಅಕ್ಷರಕ್ಕೆ ಚೀನಾದಿಂದಲೇ ಬಂದ ಇನ್ನೊಂದು ಓದು ‘ತಾಯ್’. ನಾವು ಉಷ್ಣವಲಯ ಎನ್ನುವುದನ್ನು ಅವರು ‘ನೆತ್ತಾಯ್’, ಅಂದರೆ ಶಾಖದ ಪಟ್ಟಿ ಎನ್ನುತ್ತಾರೆ. ಮೊಬೈಲ್‌ಗೆ ಹೇಳುವ ‘ಕೇತಾಯ್’ನಲ್ಲಿಯೂ ಇರುವುದು ಇದೇ ಅಕ್ಷರ. ಜೂಡೊದ ಕಪ್ಪು ಪಟ್ಟಿ ‘ಕುರೊಒಬಿ’. ವಾರದ ದಿನಗಳಲ್ಲಿ ಒಂದೇ ಹೊತ್ತಿಗೆ ಬರುವ ಟಿವಿ ಕಾರ್ಯಕ್ರಮವೂ ‘ಒಬಿ’ಯೇ, ವೇಳಾಪಟ್ಟಿಯಲ್ಲಿ ಅದು ಅಡ್ಡಪಟ್ಟಿಯಂತೆ ಕಾಣುತ್ತದೆ.

ಕಿಮೊನೊಗೆ ಕಟ್ಟುವ ‘ಫುಕುರೊ ಒಬಿ’ ಸುಮಾರು 30 ಸೆಂಟಿಮೀಟರ್ ಅಗಲ, ನಾಲ್ಕು ಮೀಟರಿಗೂ ಹೆಚ್ಚು ಉದ್ದ. ಕ್ಯೋಟೊದ ನಿಶಿಜಿನ್‌ನಲ್ಲಿ ನೇಯ್ದ ರೇಷ್ಮೆಯದಾದರೆ ಕಿಮೊನೊಗಿಂತ ಅದೇ ಕಣ್ಣಿಗೆ ಬೀಳುತ್ತದೆ. ಪುಸ್ತಕಕ್ಕೆ ಸುತ್ತುವ ಪಟ್ಟಿಗೂ ‘ಒಬಿ’ ಎನ್ನುತ್ತಾರೆ. ‘ಕೊಶಿಮಾಕಿ’, ಸೊಂಟಕ್ಕೆ ಸುತ್ತುವ ಒಳವಸ್ತ್ರ, ಎಂಬ ಹೆಸರೂ ಅದಕ್ಕುಂಟು. ರೆಕಾರ್ಡಿನಲ್ಲಿ ಸುತ್ತಲೂ ಬರುವುದನ್ನು ‘ಮಾರುಒಬಿ’, ಅರ್ಧಕ್ಕೆ ಸಿಕ್ಕಿಸುವುದನ್ನು ‘ಹಂಕಾಕೆ ಒಬಿ’ ಎಂದು ಸಂಗ್ರಾಹಕರು ಕರೆಯುತ್ತಾರೆ. ವಿದೇಶಿ ಹೊದಿಕೆಯ ಚಿತ್ರವನ್ನು ಕೆಡಿಸದೆ ಜಪಾನಿಯಲ್ಲಿ ಹೆಸರು, ಯೆನ್ ಬೆಲೆ, ಕ್ಯಾಟಲಾಗ್ ಸಂಖ್ಯೆ ತಿಳಿಸುವುದು ಈ ಪಟ್ಟಿಯ ಕೆಲಸ. ಹೀಗಾಗಿ ಪಟ್ಟಿ ಹೋದರೆ ಜಪಾನಿ ಮುದ್ರಣದ ಗುರುತೇ ಅರ್ಧ ಹೋದಂತೆ, ಮಾರುವಾಗ ಬೆಲೆಯೂ ಇಳಿಯುತ್ತದೆ.

ಈಗ ಜೋಪಾನ ಮಾಡುವ ಬಗೆ. ಪಟ್ಟಿ ಹರಿಯುವುದು ಹೆಚ್ಚಾಗಿ ಮಡಿಕೆಯಲ್ಲೇ. ನನ್ನ ಹಳೆಯ ಜಾಜ್ ರೆಕಾರ್ಡೊಂದರ ಮಡಿಕೆಗೆ ಹಿಂದಿನವರು ಯಾರೋ ಅಂಟುಪಟ್ಟಿ ಹಚ್ಚಿದ್ದರು. ಅದು ಹಳದಿಯಾಗಿ ಅಕ್ಷರಗಳನ್ನೇ ನುಂಗಿಬಿಟ್ಟಿದೆ. ಆದ್ದರಿಂದ ಅಂಟುಪಟ್ಟಿ ಬೇಡವೇ ಬೇಡ. ಹೊದಿಕೆಯ ಮೇಲೆ ಹಾಕುವ ಪ್ಲಾಸ್ಟಿಕ್ ಹೊರಗವಸು ತುಸು ಸಡಿಲವಾಗಿರಲಿ. ಒಬಿ ಇರುವ ಬೆನ್ನಿನ ಕಡೆಯಿಂದ ಮೊದಲು ಒಳಗೆ ಸೇರಿಸಿ, ಆಗ ತೆರೆದ ಅಂಚು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಕೇಳುವಾಗಲೆಲ್ಲ ಪಟ್ಟಿ ಕಳಚಬೇಡಿ, ತಟ್ಟೆಯನ್ನು ಬಲಬದಿಯಿಂದ ಹೊರತೆಗೆದರೆ ಸಾಕು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಪಾಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಂದು ಚುಕ್ಕೆ ಮೊದಲು ಕಾಣುವುದು ಈ ಪಟ್ಟಿಯ ಮೇಲೆಯೇ.