ತವರಿನಿಂದ ಬಂದ ಹಬ್ಬದ ಸೀರೆಯನ್ನು ಅವರಿಗೆ ತಿಳಿಯದಂತೆ ಬದಲಾಯಿಸಬಹುದೇ?

ಗೌರಿ ಹಬ್ಬಕ್ಕೆ ಅತ್ತಿಗೆ ಕೊಟ್ಟ ಸೀರೆ ಒಪ್ಪಿಗೆಯಾಗಿಲ್ಲ, ಅವರಿಗೆ ತಿಳಿಯದಂತೆ ಅಂಗಡಿಯಲ್ಲಿ ಬದಲಾಯಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಅದನ್ನೇ ಮಾಡಲು ಹೋಗಿದ್ದೆ.

ಆರು ವರ್ಷಗಳ ಹಿಂದೆ, ತುಮಕೂರಿನ ನಮ್ಮ ಮನೆಗೆ ಅತ್ತಿಗೆ ಮೊರದ ಬಾಗಿನದ ಜೊತೆಗೆ ಬದನೆಕಾಯಿ ಬಣ್ಣದ ಸೀರೆಯೊಂದನ್ನು ತಂದಿದ್ದರು. ಆ ಬಣ್ಣ ಉಟ್ಟರೆ ನಾನು ಕಾಯಿಲೆಯಿಂದ ಎದ್ದು ಬಂದವಳಂತೆ ಕಾಣುತ್ತೇನೆ. ಹಬ್ಬ ಕಳೆದ ಮೂರನೆಯ ದಿನ ಅದನ್ನು ಚಿಕ್ಕಪೇಟೆಯ ಅಂಗಡಿಗೆ ಒಯ್ದೆ. ಫಾಲ್ ಹೊಲಿಸಿರಲಿಲ್ಲ, ರವಿಕೆ ಕಣ ಕತ್ತರಿಸಿರಲಿಲ್ಲ. ಆದರೆ ಬಿಲ್ ಇರಲಿಲ್ಲ. ಯಾವ ಮೊಬೈಲ್ ನಂಬರಿಗೆ ಬಿಲ್ ಆಗಿದೆ ಎಂದು ಕೇಳಿದಾಗ ಅತ್ತಿಗೆಯ ನಂಬರನ್ನು ಹೇಳಿಬಿಟ್ಟೆ.

ನಾನು ಮಾಡಿದ ತಪ್ಪು ಇದೇ. ಬಿಲ್ ಹುಡುಕುವುದಕ್ಕಷ್ಟೇ ನಂಬರು ಬೇಕು ಎಂದುಕೊಂಡೆನೇ ಹೊರತು, ನಂಬರು ಕೊಟ್ಟ ಮೇಲೆ ಅದಕ್ಕೆ ಫೋನ್ ಕೂಡ ಮಾಡಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬಿಲ್ ಇಲ್ಲ ಎಂದು ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಗಾದಿಯ ಮೇಲೆ ಸೀರೆ ಬಿಡಿಸಿದವರಿಗೆ ಸೆರಗಿನ ತುದಿಯಲ್ಲಿ ಬೆರಳ ಗುರುತಿನಷ್ಟು ಅರಿಶಿನ ಕಂಡಿತು. ಗೌರಿಯ ಮುಂದಿಡುವಾಗ ಅತ್ತಿಗೆಯೇ ಹಚ್ಚಿದ್ದದ್ದು. ಮಾಲೀಕರು ನನ್ನೆದುರೇ ಫೋನ್ ತೆಗೆದು, "ಮೇಡಂ, ನೀವು ತಗೊಂಡಿದ್ದ ಸೀರೆ ವಾಪಸ್ ಬಂದಿದೆ, ಅರಿಶಿನ ಆಗಿದೆ, ಏನ್ ಮಾಡೋಣ?" ಎಂದು ಕೇಳಿದರು. ಸೀರೆಯೂ ಬದಲಾಗಲಿಲ್ಲ.

ಅತ್ತಿಗೆ ಒಂದು ಮಾತನ್ನೂ ಆಡಲಿಲ್ಲ. ಮರುವರ್ಷದಿಂದ ಬಾಗಿನದ ಮೇಲೆ ಸೀರೆಯ ಬದಲು ಎರಡು ಸಾವಿರ ರೂಪಾಯಿಯ ಕವರ್ ಬರುತ್ತಿದೆ. ಅರಿಶಿನ ಕುಂಕುಮಕ್ಕೆಂದು ದುಡ್ಡು ಕೊಡುವುದು ನಮ್ಮಲ್ಲಿ ಹೊಸದೇನಲ್ಲ, ಆದರೆ ಹನ್ನೊಂದು ವರ್ಷ ತಾವೇ ಆರಿಸಿ ತಂದವರು ಕೊಡುವ ಕವರ್ ಹಿಡಿಯಲು ಇಂದಿಗೂ ಕೈ ಹಿಂಜರಿಯುತ್ತದೆ.

ಆದ್ದರಿಂದ "ತಿಳಿಯದಂತೆ" ಎಂಬ ಮಾತನ್ನೇ ಬಿಟ್ಟುಬಿಡಿ. ದೀಪಾವಳಿಗೆ ಕಚೇರಿಯಲ್ಲಿ ಕೊಡುವ ಡ್ರೈ ಫ್ರೂಟ್ಸ್ ಡಬ್ಬಿಯನ್ನು ಯಾರಿಗೆ ಬೇಕಾದರೂ ದಾಟಿಸಿ. ರವಿಕೆ ಕಣವಂತೂ ಮನೆಯಿಂದ ಮನೆಗೆ ತಿರುಗುವುದಕ್ಕೇ ಹುಟ್ಟಿದ್ದು. ತವರಿನ ಸೀರೆ ಆ ಲೆಕ್ಕಕ್ಕೆ ಸೇರುವುದಿಲ್ಲ. ಇವತ್ತೇ ಫೋನ್ ಮಾಡಿ, "ಅತ್ತಿಗೆ, ಸೀರೆ ಚೆನ್ನಾಗಿದೆ, ಬಣ್ಣ ನನಗೆ ಒಪ್ಪುತ್ತಿಲ್ಲ, ಇಬ್ಬರೂ ಹೋಗಿ ಬೇರೆ ನೋಡೋಣವಾ?" ಎಂದು ಕೇಳಿ. ಬೇಸರವಾದರೂ ಅದು ಒಂದು ದಿನದ್ದು.

ಕಾಯ್ದೆ ತೋರಿಸಿ ಅಂಗಡಿಯವರನ್ನು ಬಗ್ಗಿಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳಿಲ್ಲದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ದೋಷವಿರುವ ಸರಕಿನ ವಿಷಯದಲ್ಲಿ. ಬಣ್ಣ ಒಪ್ಪದಿರುವುದು ದೋಷವಲ್ಲ. ಬದಲಾಯಿಸಿ ಕೊಟ್ಟರೆ ಅದು ಅವರ ಸೌಜನ್ಯ. ಹಾಗಾಗಿ ಸೆರಗಿನ ತುದಿಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿ, ಬಿಲ್ಲನ್ನು ಅತ್ತಿಗೆಯ ಕೈಯಲ್ಲೇ ತರಿಸಿ, ಮತ್ತು ದಯವಿಟ್ಟು ಬೋಣಿಯಾಗುವ ಮುಂಚೆ ಅಂಗಡಿಗೆ ಹೋಗಬೇಡಿ.